ಹೊಳೆ ಕಡೆಯ ಹೆಜ್ಜೆ

"ಮಂಡಿ ನೋವು ಅಂತ ಮೂರು ತಿಂಗಳಿಂದ ನೀನು ತಪ್ಪಿಸ್ಕೊಂಡೆ. ಇವತ್ತು ಮಾತ್ರ ಬಿಡಲ್ಲ," ಎಂದು ಸೊಲ್ಲಮ್ಮ ಕುರ್ಚಿಯ ಅಂಚಿಗೆ ಜರುಗಿ ಕೂತರು. "ನಾಲ್ಕು ಗಂಟೆಗೆ ಸಹಿ ಹಾಕ್ತೀನಿ. ಅದಕ್ಕೆ ಮುಂಚೆ ನನ್ನ ಮಗಳು ಈ ನೆಲದ ಮೇಲೆ ಒಂದು ಸುತ್ತು ಕುಣೀಬೇಕು. ಅಷ್ಟೇ ನಾನು ಕೇಳೋದು."

ಮರದ ನೆಲದ ಆ ತುದಿಯಲ್ಲಿ ನಿಂತಿದ್ದ ಹೆಂಗಸು ಚಪ್ಪಲಿ ಬಿಚ್ಚಿ ಗೋಡೆಗೆ ಒತ್ತರಿಸಿಟ್ಟಳು.

ಊರಿನವರು ಅವಳಿಗೆ 'ಬಂದವಳು' ಎಂದೇ ಹೆಸರಿಟ್ಟುಬಿಟ್ಟಿದ್ದರು. ಇಪ್ಪತ್ತಾರು ವರ್ಷಗಳ ಹಿಂದೆ, ಹದಿನೇಳರ ವಯಸ್ಸಿನಲ್ಲಿ, ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟು ಹೋಗಿದ್ದ ಸೊಲ್ಲಮ್ಮನ ಮಗಳೆಂದು ಮೂರು ತಿಂಗಳಿಂದ ಈ ಮನೆಯಲ್ಲಿದ್ದಳು. ಅಪ್ಪ ಈಗ ಇಲ್ಲ. ಅವಳು ನಿಜವಾಗಿ ಮಗಳೋ ಅಲ್ಲವೋ ಎಂಬುದನ್ನು ಇವತ್ತು ನಾಲ್ಕು ಗಂಟೆಯೊಳಗೆ ಹೇಳಬೇಕಾದವಳು ಬಾಗಿಲ ಪಕ್ಕದ ಬೆಂಚಿನ ಮೇಲೆ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಪೊಲೀಸ್ ಠಾಣೆಯಲ್ಲಿ ಇವಳನ್ನು ಕಿವಿಯಮ್ಮ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದವಳು. ಈಗ ಅದೇ ರೇಡಿಯೋ ಕಟ್ಟಡದ ನೆಲಮಾಳಿಗೆಯಲ್ಲಿ ಹಳೆಯ ಧ್ವನಿಸುರುಳಿಗಳನ್ನು ನೋಡಿಕೊಳ್ಳುತ್ತಿದ್ದಳು. ಯಾರಾದರೂ ನಾಲ್ಕು ಮಾತಾಡಿದರೆ ಸಾಕು, ಹೊಳೆಯ ಮೇಲ್ದಂಡೆಯವರೋ ಕೆಳದಂಡೆಯವರೋ, ಎಷ್ಟು ವಯಸ್ಸಿಗೆ ಊರು ಬಿಟ್ಟವರು ಎಂದು ಹೇಳಿಬಿಡುವಳು. ಬೆದರಿಕೆಯ ಫೋನ್ ಬಂದಾಗಲೆಲ್ಲ ಇನ್‌ಸ್ಪೆಕ್ಟರ್ ಧ್ವನಿಮುದ್ರಣ ಹಿಡಿದುಕೊಂಡು ಅವಳ ನೆಲಮಾಳಿಗೆಗೆ ಇಳಿಯುತ್ತಿದ್ದ. "ಅವರ ಮುಂದೆ ಕೆಮ್ಮಲೂ ಬೇಡಿ, ಹುಟ್ಟಿದ ಊರು ಹೇಳ್ತಾರೆ," ಎಂದು ಕಾನ್‌ಸ್ಟೇಬಲ್‌ಗಳು ನಗುತ್ತಿದ್ದರು.

ಹೋದ ವಾರ ಹನ್ನೊಂದು ತಾಸು ಬಂದವಳ ಮಾತು ಕೇಳಿದ ಮೇಲೆ ಕಿವಿಯಮ್ಮ ಇನ್‌ಸ್ಪೆಕ್ಟರಿಗೆ ಹೇಳಿದ್ದು ಒಂದೇ ಮಾತು: ಇದು ಮೇಲ್ದಂಡೆಯ ಬಾಯಿ, ಈ ಊರಿನದೇ, ಅನುಮಾನವೇ ಇಲ್ಲ.

ಮೇಲ್ದಂಡೆಯವರು ಮಾತಿನ ಕೊನೆಯನ್ನು ಎತ್ತಿ ಅಲ್ಲೇ ಬಿಟ್ಟುಬಿಡುತ್ತಾರೆ, ಒದ್ದೆ ಬಟ್ಟೆಯನ್ನು ತಂತಿಗೆ ಹಾಕಿದ ಹಾಗೆ. 'ಹೂಂ' ಎನ್ನುವಾಗ ಉಸಿರನ್ನು ಹೊರಗೆ ಬಿಡುವುದಿಲ್ಲ, ಒಳಕ್ಕೆ ಎಳೆದುಕೊಳ್ಳುತ್ತಾರೆ. ಈಗಿನವರಲ್ಲಿ ಅದೂ ಹೋಗಿದೆ. ಆದರೆ ಬಂದವಳ 'ಹೂಂ'ನಲ್ಲಿ ಆ ಉಸಿರು ಹಾಗೇ ಉಳಿದಿತ್ತು. ಊರು ಬಿಟ್ಟು ಹೋದವರ ಬಾಯಲ್ಲಿ ಮಾತು ಅಲ್ಲಿಗೇ ನಿಂತುಬಿಡುತ್ತದೆ, ಊರಿನಲ್ಲಿರುವವರದು ಮುಂದೆ ಸಾಗುತ್ತದೆ. ಧ್ವನಿಸುರುಳಿ ಕೇಳಿ ಕಲಿತರೆ ಅಂಥ ಉಸಿರು ಬರುವುದಿಲ್ಲ.

ಹಾಗಂತ ಅವಳು ನಂಬಿದ್ದಳು.

"ಡೋಲು ಬಾರ್ಸಪ್ಪ," ಎಂದರು ಸೊಲ್ಲಮ್ಮ.

ಡೋಲಿನ ಮುಂದೆ ಕೂತಿದ್ದವನು ಸೊಲ್ಲಮ್ಮನ ಮೈದುನ. ಊರಿಗೆಲ್ಲ ಅವನು ಚಿಕ್ಕಪ್ಪ. ಅಣ್ಣ ಕಟ್ಟಿಸಿದ ಈ ಕುಣಿತದ ಮನೆಯನ್ನು ತಾನೇ ನಡೆಸಿಕೊಂಡು ಬಂದವನು. ಬಂದವಳು ವಂಚಕಿ ಎಂದು ದೂರು ಕೊಟ್ಟು ಮೂರು ತಿಂಗಳಿಂದ ಠಾಣೆಯ ಮೆಟ್ಟಿಲು ಸವೆಸುತ್ತಿದ್ದವನೂ ಅವನೇ. ಸೊಲ್ಲಮ್ಮ ಇವತ್ತು ಸಹಿ ಹಾಕಿದರೆ ಈ ಮನೆ ಬಂದವಳ ಹೆಸರಿಗೆ ಹೋಗುತ್ತಿತ್ತು.

"ಕುಣೀಲಿ, ಕುಣೀಲಿ. ನಾನೂ ಅದನ್ನೇ ನೋಡ್ಬೇಕು ಅಂತಿದೀನಿ," ಎಂದು ಅವನು ಕಿವಿಯಮ್ಮನ ಕಡೆ ತಿರುಗಿ ನಕ್ಕ. "ಬಾಯಿ ಯಾರು ಬೇಕಾದ್ರೂ ಕಲೀತಾರೆ ಮೇಡಂ. ಕಾಲು ಸುಳ್ಳು ಹೇಳಲ್ಲ."

ಡೋಲು ಶುರುವಾಯಿತು.

ಈ ಸುತ್ತುಕುಣಿತಕ್ಕೆ ಹನ್ನೆರಡು ಜನ ಕೈ ಕೈ ಹಿಡಿದು, ಮುಖ ಒಳಗೆ ಮಾಡಿ ನಿಲ್ಲುತ್ತಾರೆ. ಹೆಜ್ಜೆ ಹೇಳುವ ಸೊಲ್ಲು ಕೂಗುವುದು ಒಬ್ಬರೇ. ನಲವತ್ತು ವರ್ಷ ಕೂಗಿ ಕೂಗಿಯೇ ಸೊಲ್ಲಮ್ಮ ಸೊಲ್ಲಮ್ಮನಾದದ್ದು. ಎಡ, ಬಲ ಎಂಬ ಮಾತು ಅದರಲ್ಲಿ ಇಲ್ಲ. ಎಡಕ್ಕೆ 'ಹೊಳೆಗೆ', ಬಲಕ್ಕೆ 'ಗುಡ್ಡಕ್ಕೆ'. ಮೊದಲು ಕುಣಿದವರು ಎಲ್ಲಿ ನಿಂತಿದ್ದರೋ ಏನೋ. ಹೊಳೆಯೂ ಗುಡ್ಡವೂ ಕಾಣದ ಈ ಗೋಡೆಗಳ ಮಧ್ಯೆಯೂ ಅದೇ ಸೊಲ್ಲು ನಡೆದು ಬಂದಿತ್ತು.

"ಹೊಳೆಗೇ... ಒಂದು, ಎರಡು, ಮೂರು, ಒತ್ತು. ಗುಡ್ಡಕ್ಕೇ... ಒಂದು, ನಿಲ್ಲು."

ಕಿವಿಯಮ್ಮ ಅಭ್ಯಾಸದಂತೆ ಮೊದಲು ಕಣ್ಣು ಮುಚ್ಚಿಕೊಂಡಳು.

ಬರಿಗಾಲಿನ ಸದ್ದು ಡೋಲಿನ ಮೈಗೆ ಮೈ ತಾಗಿಸಿಕೊಂಡು ಹೋಗುತ್ತಿತ್ತು. ಅವಸರವಿಲ್ಲ, ಅಂಜಿಕೆಯಿಲ್ಲ. 'ಒತ್ತು' ಎಂದಾಗ ಹಿಮ್ಮಡಿ ನೆಲಕ್ಕೆ ಬೀಳುವುದು ಮಾತ್ರ ಪ್ರತಿ ಸಲವೂ ಕೂದಲೆಳೆಯಷ್ಟು ತಡ. ಮಂಡಿ ನೋವಂತೆ, ಎಲ್ಲಿಯ ಮಂಡಿ ನೋವು?

"ಕೇಳಿದ್ರಾ?" ಸೊಲ್ಲಮ್ಮನ ದನಿ ಒಡೆಯಿತು. ಆರು ವರ್ಷಗಳ ಹಿಂದೆಯೇ ಕಣ್ಣಿನ ನರ ಸೋತು ಅವರಿಗೆ ಬೆಳಕು ಕತ್ತಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. "ಹಿಮ್ಮಡಿ ತಡ ಮಾಡ್ತಾಳೆ. ಚಿಕ್ಕೋಳಿದ್ದಾಗ್ಲೂ ಹೀಗೇ. ಬೈದು ಬೈದು ಸಾಕಾಗಿತ್ತು ನನಗೆ. ಆ ಹನ್ನೆರಡು ಜನರಲ್ಲಿ ಇವಳದೊಂದೇ ಕಾಲು ಬೇರೆ ಕೇಳೋದು!"

ಕಿವಿಯಮ್ಮ ಕಣ್ಣು ತೆರೆದಳು. ಮುಗಿಯಿತು, ಇನ್ನೇನು ಬೇಕು ಎಂದುಕೊಂಡೇ ತೆರೆದಳು.

ನೆಲದ ಹಲಗೆಗಳ ಮೇಲೆ ಹಿಂದಿನವರ ಕಾಲು ಸವೆಸಿದ ದೊಡ್ಡ ಬಳೆಯಂಥ ಒಂದು ಗುರುತು ಹೊಳೆಯುತ್ತಿತ್ತು. ಅದರಲ್ಲಿ ಹಿಮ್ಮಡಿ ಒತ್ತಿದ ಕಡೆಗಳೆಲ್ಲ ಚಮಚದಷ್ಟು ತಗ್ಗು. ಹೋದ ವಾರ ಊರಿನವರು ಕುಣಿಯುವಾಗ ನೋಡಿದ್ದಳು, ಎಲ್ಲರ ಹಿಮ್ಮಡಿಯೂ ಹೋಗಿ ಆ ತಗ್ಗಿನಲ್ಲೇ ಕೂರುತ್ತಿತ್ತು. ಬಂದವಳ ಹಿಮ್ಮಡಿ ಒಂದರಲ್ಲೂ ಕೂರುತ್ತಿರಲಿಲ್ಲ. ತಗ್ಗಿಗೂ ತಗ್ಗಿಗೂ ನಡುವಿನ ಉಬ್ಬಿನ ಮೇಲೆ ಬೀಳುತ್ತಿತ್ತು.

ಸೊಲ್ಲಮ್ಮ "ಹೊಳೆಗೆ" ಎಂದಾಗ ಬಂದವಳು ಬಲಕ್ಕೆ ಹೋಗುತ್ತಿದ್ದಳು.

ಕಿವಿಯಮ್ಮ ತಾನೇ ತಪ್ಪು ನೋಡಿದೆನೇನೋ ಎಂದು ಎದುರಿನ ಗಾಜಿನ ಬಾಗಿಲ ಕಡೆ ಕಣ್ಣು ಹಾಯಿಸಿದಳು. ಅದರಲ್ಲಿ ಬಂದವಳ ಪ್ರತಿಬಿಂಬ ತನ್ನ ಎಡಕ್ಕೆ ಮೂರು ಹೆಜ್ಜೆ ಹೋಗಿ, ತನ್ನ ಬಲಕ್ಕೆ ಒಂದು ಹೆಜ್ಜೆ ಬಂದು ನಿಂತಿತು. ಗಾಜಿನೊಳಗಿನ ಕುಣಿತದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಹೊರಗಿನದು ಆದಿಯಿಂದ ಅಂತ್ಯದವರೆಗೂ ತಿರುಗುಮುರುಗು.

ಅಷ್ಟರಲ್ಲಿ ಡೋಲು ಒಂದು ಪೆಟ್ಟು ನುಂಗಿತು.

ಒಂದೇ ಪೆಟ್ಟು. ಮತ್ತೆ ಸರಿಹೋಯಿತು. ಚಿಕ್ಕಪ್ಪನೂ ಕಂಡುಕೊಂಡ ಎಂದು ಕಿವಿಯಮ್ಮನಿಗೆ ಗೊತ್ತಾಯಿತು. ಈಗ ಎದ್ದು ನಿಂತು ಕೂಗಾಡುತ್ತಾನೆ ಎಂದು ಬೆಂಚಿನ ಅಂಚು ಹಿಡಿದಳು. ಅವನು ಕೂಗಾಡಲಿಲ್ಲ. ಸುತ್ತು ಮುಗಿಯುತ್ತಲೇ ಡೋಲನ್ನು ಪಕ್ಕಕ್ಕಿಟ್ಟು, ಹೆಗಲ ಮೇಲಿನ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

"ಎಲ್ಲಿಗಪ್ಪಾ?" ಎಂದರು ಸೊಲ್ಲಮ್ಮ.

ಅವನ ಚಪ್ಪಲಿಯ ಸದ್ದು ಬೀದಿಗೆ ಇಳಿಯಿತು.

"ಹೊಟ್ಟೆ ಉರೀತಿರ್ಬೇಕು, ಹೋಗ್ಲಿ ಬಿಡು. ನಾನು ಬಟ್ಟೆ ಬದಲಾಯಿಸ್ಕೊಂಡು ಬರ್ತೀನಿ." ಗೋಡೆ ಸವರಿಕೊಂಡು ಮಹಡಿಯ ಮೆಟ್ಟಿಲಿನ ಕಡೆ ಹೊರಟವರು ತಿರುಗಿ ನಿಂತರು. "ಬೆವರು ಒರೆಸ್ಕೊಳೇ. ಹೀಗೇ ಗಾಳಿಗೆ ಹೋಗ್ಬೇಡ."

"ಹೂಂ," ಎಂದಳು ಬಂದವಳು, ಉಸಿರನ್ನು ಒಳಗೆಳೆದುಕೊಂಡು.

*

ಪಕ್ಕದ ಕೋಣೆಯಲ್ಲಿ ಕುಣಿತದ ಬಟ್ಟೆಗಳನ್ನು ಸಾಲಾಗಿ ತೂಗುಹಾಕಿದ್ದರು. ಕರ್ಪೂರದ ಗುಳಿಗೆ, ಹಳೆಯ ಬೆವರು ಎರಡರದೂ ವಾಸನೆ. ಕಿವಿಯಮ್ಮ ಬಾಗಿಲು ಮುಂದೆ ಮಾಡಿದಳು.

"ಕುಣಿತ ಯಾರು ಕಲಿಸಿದ್ದು?"

"ಅಮ್ಮ. ಇನ್ಯಾರು ಕಲಿಸ್ತಾರೆ?"

"ಅಮ್ಮ ಮಕ್ಕಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಕಲಿಸ್ತಾರೆ. ಈ ಊರಿನಲ್ಲಿ ಎಲ್ಲರೂ ಕಲಿಯೋದು ಹಾಗೇ. ಸುತ್ತಿನಲ್ಲಿ ಇಬ್ಬರು ದೊಡ್ಡವರ ಮಧ್ಯೆ ನಿಂತು, ಅವರು ಎಳೆದ ಕಡೆ ಹೋಗಿ. ನಿಮಗೆ ಕಲಿಸಿದವರು ಎದುರಿಗೆ ನಿಂತಿದ್ರು."

ಬಂದವಳು ಕತ್ತಿನ ಬೆವರು ಒರೆಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ಎದುರಿಗೆ ನಿಂತು ಎರಡೂ ಕೈ ಹಿಡ್ಕೊಂಡಿದ್ರು. ಅವರು ತಮ್ಮ ಎಡಕ್ಕೆ ಹೋದ್ರೆ ನೀವು ನಿಮ್ಮ ಬಲಕ್ಕೆ ಹೋಗ್ಲೇಬೇಕು. ಅವರ ಹೊಳೆ ನಿಮಗೆ ಗುಡ್ಡ ಆಯ್ತು."

"ಮರೆತು ಹೋಗಿದೆ. ಇಪ್ಪತ್ತಾರು ವರ್ಷ ಆಯ್ತಲ್ಲ."

"ಮರೆತವರು ಎಲ್ಲೋ ಒಂದು ಕಡೆ ಎಡವ್ತಾರೆ. ನೀವು ಎಲ್ಲೂ ಎಡವಲಿಲ್ಲ." ಕಿವಿಯಮ್ಮನಿಗೆ ತನ್ನ ದನಿ ತನಗೇ ಒಪ್ಪವಾಗಿ, ತಣ್ಣಗೆ, ವಾರ್ತೆಯ ಹಾಗೆ ಕೇಳಿಸಿತು. "ಆ ಹಿಮ್ಮಡಿ ತಡ ಮಾಡೋದು ಇನ್ಯಾರ ಕಾಲಿನಲ್ಲೂ ಇಲ್ಲ, ಸೊಲ್ಲಮ್ಮನ ಮಗಳ ಕಾಲಿನಲ್ಲಿ ಮಾತ್ರ ಇತ್ತು. ಅದನ್ನ ಕಲಿಸೋಕೆ ಅವಳೊಬ್ಬಳಿಗೇ ಸಾಧ್ಯ. ಅವಳೆಲ್ಲಿ?"

ಹೊರಗೆ ಯಾರದೋ ಸೈಕಲ್ ಗಂಟೆ ಬಾರಿಸಿಕೊಂಡು ಹೋಯಿತು. ಬಂದವಳು ಬಟ್ಟೆಗಳ ಸಾಲಿನ ಕೆಳಗಿದ್ದ ಪೆಟ್ಟಿಗೆಯ ಮೇಲೆ ಕೂತಳು.

"ಎಷ್ಟು ಜಾಗ ಇತ್ತು?" ಎಂದಳು ಕಿವಿಯಮ್ಮ, ಸ್ವಲ್ಪ ಮೆತ್ತಗೆ.

"ಎರಡು ಮಂಚದ ಮಧ್ಯೆ ಎಷ್ಟಿರುತ್ತೆ? ಎರಡಡಿ. ಆ ಕಡೆ ಗೋಡೆ, ಈ ಕಡೆ ಬಾಗಿಲು. ಮೂರು ಹೆಜ್ಜೆ ಹೋದ್ರೆ ಗೋಡೆಗೆ ಹೆಗಲು ತಾಗೋದು. ಬಿದ್ದು ಬಿದ್ದು ನಗ್ತಿದ್ವಿ."

ಸುಳ್ಳು ಬಯಲಾದ ಮೇಲೆ ಜನರ ದನಿಯಿಂದ ಬಣ್ಣ ಕಳಚುವುದನ್ನು ಕಿವಿಯಮ್ಮ ಎಷ್ಟೋ ಸಲ ಕೇಳಿದ್ದಳು. ಈಗಲೂ ಅದಕ್ಕೇ ಕಾದಳು. ಕಳಚಲಿಲ್ಲ. ಮಾತಿನ ಕೊನೆ ಅದೇ ಮೇಲ್ದಂಡೆಯ ಹಾಗೆ ಮೇಲೆದ್ದು ನಿಂತಿತು. ಇದು ಹಾಕಿಕೊಂಡ ಮಾತಲ್ಲ. ಇವಳಿಗೆ ಇದೊಂದೇ ಇರುವುದು.

"ದೊಡ್ಡ ಲಾಂಡ್ರಿ. ಆಸ್ಪತ್ರೆಗಳ ಹಾಸಿಗೆಬಟ್ಟೆ ಎಲ್ಲ ಅಲ್ಲಿಗೇ ಬರೋದು. ಅವಳು ಬಟ್ಟೆಯ ಆ ತುದಿ ಹಿಡಿಯೋಳು, ನಾನು ಈ ತುದಿ. ಮಡಿಚಿ ಇಸ್ತ್ರಿಯ ಉರುಳೆಗೆ ಕೊಡೋದು. ಹಾಸ್ಟೆಲಲ್ಲಿ ಒಂದೇ ಕೋಣೆ. ಒಂಬತ್ತು ವರ್ಷ."

"ನಿಮ್ಮ ಊರು?"

"ನೀವೇ ಹೇಳಿ, ಕಿವಿಯಮ್ಮ ತಾನೇ ನೀವು?" ಎಂದು ಅವಳು ಸಣ್ಣಗೆ ನಕ್ಕಳು. "ಅನಾಥಾಶ್ರಮ. ನಲವತ್ತು ಮಕ್ಕಳು, ನಲವತ್ತು ಥರ ಮಾತು. ಯಾವುದೂ ನನಗೆ ಹತ್ತಲಿಲ್ಲ. ಅವಳ ಜೊತೆ ಇರೋಕೆ ಶುರು ಮಾಡಿದ್ಮೇಲೇ ನನಗೆ ಅಂತ ಒಂದು ಮಾತು ಬಂದಿದ್ದು. ಬೇಕು ಅಂತ ಕಲೀಲಿಲ್ಲ. ಇಡೀ ದಿನ ಕೇಳ್ತಿದ್ದಿದ್ದು ಅದೊಂದೇ."

ಹನ್ನೊಂದು ತಾಸು ಕೇಳಿದರೂ ಕಿವಿಯಮ್ಮನಿಗೆ ಇದು ಹೊಳೆದಿರಲಿಲ್ಲ. ಮಾತು ಎಲ್ಲಿ ಹುಟ್ಟಿತು ಎಂದಷ್ಟೇ ಹುಡುಕುವುದು ಅವಳಿಗೆ ಗೊತ್ತಿತ್ತು. ಯಾರ ಜೊತೆ ಬೆಳೆಯಿತು ಎಂದು ಕೇಳಿಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ತಾನಾದರೂ ಏನು? ರೇಡಿಯೋಗೆ ಸೇರಿದ ಹೊಸದರಲ್ಲಿ ಎಂಟು ತಿಂಗಳು ಕೂರಿಸಿ, ಪಾತ್ರೆ ಉಜ್ಜಿದ ಹಾಗೆ ಉಜ್ಜಿ, ಅವಳ ಬಾಯಿಂದ ಹುಟ್ಟೂರನ್ನು ತೆಗೆದುಹಾಕಿದ್ದರು. ಈಗ ಭಾನುವಾರಕ್ಕೊಮ್ಮೆ ತಂಗಿ ಫೋನ್ ಮಾಡುತ್ತಾಳೆ. ಇವಳು ಎರಡು ಮಾತಾಡಿದೊಡನೆ, "ಅಕ್ಕಾ, ಮುಖ್ಯಾಂಶ ಮುಗೀತಾ?" ಎಂದು ನಗುತ್ತಾಳೆ. ಇವಳೂ ನಗುತ್ತಾಳೆ. ಫೋನ್ ಇಟ್ಟ ಮೇಲೆ ಮುಂದಿನ ಭಾನುವಾರದವರೆಗೆ ಆ ಮನೆಯಲ್ಲಿ ಮಾತು ಎಂದರೆ ನಲ್ಲಿಯದು, ಕುಕ್ಕರಿನದು.

"ಅವಳೆಲ್ಲಿ ಅಂತ ಕೇಳಿದೆ."

"ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ. ಎಂಟು ತಿಂಗಳ ಹಿಂದೆ, ಅಮ್ಮನ್ನ ನೋಡ್ಕೊಂಡು ಬರ್ತೀನಿ, ಎಂಟೇ ದಿನ ಅಂತ ಹೊರಟಳು. ಆಮೇಲೆ ಫೋನೇ ಹತ್ತಲಿಲ್ಲ. ಅಮ್ಮನ ಜೊತೆ ರಾಜಿಯಾಯ್ತು, ನನ್ನ ಮರೆತಳು ಅಂದ್ಕೊಂಡೆ. ಐದು ತಿಂಗಳು ಕಾದೆ. ಕೊನೆಗೆ ನಾಲ್ಕು ಮಾತು ಬೈದಾದ್ರೂ ಬರೋಣ ಅಂತ ಹುಡುಕ್ಕೊಂಡು ಬಂದೆ." ಬಂದವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಇಸ್ತ್ರಿಯ ಬಿಸಿಗೆ ಬೆರಳ ತುದಿಗಳು ನುಣ್ಣಗಾಗಿದ್ದವು. "ಬಾಗಿಲು ತಟ್ಟಿ 'ಯಾರಾದ್ರೂ ಇದ್ದೀರಾ' ಅಂದೆ, ಅಷ್ಟೇ. ಒಳಗಿಂದ ಅಮ್ಮ, 'ಬಂದ್ಯಾ?' ಅಂದ್ರು."

"ನೀವು?"

"'ಹೂಂ' ಅಂದೆ."

ಬಂದವಳು ಅಂಗೈಗಳನ್ನು ಮಡಿಚಿಕೊಂಡಳು.

"ಅಲ್ಲ ಅನ್ನೋಕೆ ಬಾಯಿ ತೆರೆಯೋಷ್ಟರಲ್ಲಿ ನನ್ನ ಮುಖ ಎಲ್ಲ ಸವರ್ತಿದ್ರು. ನನ್ನ ಮುಖ ಯಾರೂ ಹಾಗೆ ಮುಟ್ಟಿರಲಿಲ್ಲ. ಅವಳು ಇಲ್ಲಿಗೆ ಬಂದೇ ಇಲ್ಲ ಅಂತ ಆ ಕ್ಷಣವೇ ಗೊತ್ತಾಯ್ತು. ನಾನು ಅವಳಲ್ಲ ಅಂದ್ರೆ ಆಚೆಗೆ ಹಾಕ್ತಾರೆ. ಆಚೆ ನಿಂತು ಎಲ್ಲಿ ಅಂತ ಹುಡುಕ್ಲಿ? ಒಳಗಿದ್ದೇ ಹುಡುಕೋಣ ಅಂತ ಉಳ್ಕೊಂಡೆ. ಒಂದು ವಾರ ಹುಡುಕಿದೆ."

"ಆಮೇಲೆ?"

"ಆಮೇಲೆ ಬಿಟ್ಟೆ." ಬಂದವಳ ದನಿ ನೆಲಕ್ಕೆ ಇಳಿಯಿತು. "ಬೆಳಿಗ್ಗೆ ಎದ್ದು ನನ್ನ ತಲೆ ಬಾಚ್ತಾರೆ. ನಲವತ್ತೊಂದು ವರ್ಷದ ಹೆಂಗಸಿಗೆ. ಸಿಕ್ಕು ಬಿಡಿಸ್ತಾ ಬಿಡಿಸ್ತಾ ಬೈತಾರೆ. ಅವಳು ಸಿಕ್ಕಿಬಿಟ್ರೆ ನಾನು ಎಲ್ಲಿಗೆ ಹೋಗ್ಲಿ? ಆ ಹಾಸ್ಟೆಲಲ್ಲಿ ಆ ಮಂಚಕ್ಕೆ ಬೇರೆ ಯಾರೋ ಬಂದಿದ್ದಾರೆ."

ಬೈಯಬೇಕು ಎಂದು ಕಿವಿಯಮ್ಮನಿಗೆ ಅನಿಸಿತು. ಒಂಬತ್ತು ವರ್ಷ ಜೊತೆಗಿದ್ದವಳನ್ನು ಒಂದು ಬಾಚಣಿಗೆಗೆ ಮಾರಿಬಿಟ್ಟೆಯಾ ಎಂದು ಕೇಳಬೇಕು. ಬಾಯಿಗೆ ಬರಲಿಲ್ಲ. ತಲೆ ಬಾಚುವ ಕೈಯ ಆಸೆ ಎಷ್ಟು ದೂರ ಎಳೆದುಕೊಂಡು ಹೋಗಬಲ್ಲದು ಎಂಬುದನ್ನು ಅಳೆಯಲು ಅವಳು ತನ್ನ ಮನೆಯ ಭಾನುವಾರಗಳನ್ನು ಎಣಿಸಿದರೆ ಸಾಕಿತ್ತು.

ಬಾಗಿಲು ತಳ್ಳಿಕೊಂಡು ಸೊಲ್ಲಮ್ಮ ಒಳಗೆ ಬಂದರು.

ಒಳ್ಳೆಯ ಬಟ್ಟೆ ಉಟ್ಟಿದ್ದರು. ಶಾಲನ್ನು ಒಳಮೈ ಹೊರಗಾಗಿ ಹೊದ್ದುಕೊಂಡಿದ್ದರು. ಬಂದವಳು ತಟ್ಟನೆದ್ದು ಅದನ್ನು ತೆಗೆದು ಸರಿಯಾಗಿ ಹೊದಿಸಿದಳು.

"ಬಾಗಿಲು ಹಾಕ್ಕೊಂಡು ಏನು ಗುಸುಗುಸು? ಇನ್ನೂ ಅನುಮಾನವೇ ನಿಮಗೆ?" ಸೊಲ್ಲಮ್ಮ ಕೈ ಚಾಚಿ ಕಿವಿಯಮ್ಮನ ಮೊಳಕೈ ಹುಡುಕಿ ಹಿಡಿದರು. "ಇಪ್ಪತ್ತಾರು ವರ್ಷ ಪ್ರತಿಯೊಂದು ಹೆಜ್ಜೆ ಸದ್ದಿಗೂ ತಿರುಗಿ ನೋಡ್ದೋಳು ನಾನು. ಕಣ್ಣು ಹೋದ್ಮೇಲೂ ತಿರುಗ್ತಿದ್ದೆ. ಈಗ ಮೂರು ತಿಂಗಳಿಂದ ತಿರುಗಿಲ್ಲ. ಸಾಕು ನನಗೆ. ಆ ಇನ್‌ಸ್ಪೆಕ್ಟರಿಗೆ ಈಗಲೇ ಫೋನ್ ಮಾಡಿ. ನನ್ನೆದುರಿಗೇ ಹೇಳಿ, ಇವಳು ನನ್ನ ಮಗಳು ಹೌದೋ ಅಲ್ವೋ ಅಂತ."

ಪೊಲೀಸರಿಗೆ ನೆರವಾದ ಹದಿನೆಂಟು ವರ್ಷಗಳಲ್ಲಿ ಕಿವಿಯಮ್ಮ ಠಾಣೆಗೆ ಒಂದು ಸುಳ್ಳು ಹೇಳಿದವಳಲ್ಲ. ಖಚಿತವಿಲ್ಲದಾಗ ಖಚಿತವಿಲ್ಲ ಎಂದವಳು. ಅವಳ ಕಿವಿಯ ಮೇಲೆ ಜನ ಜೈಲಿಗೆ ಹೋಗಿದ್ದರು, ಜೈಲಿನಿಂದ ಹೊರಗೂ ಬಂದಿದ್ದರು.

ಅವಳು ಬಂದವಳ ಮುಖ ನೋಡಿದಳು. ಬಂದವಳು ಬೇಡಿಕೊಳ್ಳಲಿಲ್ಲ. ಶಾಲಿನ ಅಂಚಿನಲ್ಲಿದ್ದ ಒಂದು ನೂಲನ್ನು ಸೊಲ್ಲಮ್ಮನ ಹೆಗಲಿನಿಂದ ಕಿತ್ತು ತೆಗೆಯುತ್ತ ನಿಂತಿದ್ದಳು.

ಫೋನನ್ನು ಆ ಕಡೆ ಎರಡನೆಯ ಗಂಟೆಗೇ ಎತ್ತಿದರು.

"ಹೇಳಿ ಮೇಡಂ. ಹೂವೋ ಹಾವೋ?" ಎಂದ ಇನ್‌ಸ್ಪೆಕ್ಟರ್.

"ಮಗಳೇ," ಎಂದಳು ಕಿವಿಯಮ್ಮ. "ಸೊಲ್ಲಮ್ಮನ ಮಗಳೇ. ಖಚಿತ."

"ಬರೆದುಕೊಳ್ಳಲಾ?"

"ಬರೆದುಕೊಳ್ಳಿ."

ಸೊಲ್ಲಮ್ಮ ಮೊಳಕೈ ಬಿಡಲಿಲ್ಲ. ಒಂದು ಕ್ಷಣ ಹಾಗೇ ಹಿಡಿದುಕೊಂಡಿದ್ದು, ಆಮೇಲೆ, "ಚಹಾ ಕುಡಿದು ಹೊರಡೋಣ. ಸಕ್ಕರೆ ಎಷ್ಟು ನಿಮಗೆ?" ಎಂದರು. ಯಾರೂ ಉತ್ತರ ಕೊಡುವ ಮೊದಲೇ ಅಡುಗೆಮನೆಯ ಕಡೆ ಹೊರಟುಬಿಟ್ಟರು. ಹೋಗುತ್ತ ಹೋಗುತ್ತ ಸೊಲ್ಲು ಗುನುಗುತ್ತಿದ್ದರು.

*

ಕೋಣೆಯಲ್ಲಿ ಇಬ್ಬರೇ ಉಳಿದರು. ಕಿವಿಯಮ್ಮ ಬಾಗಿಲನ್ನು ಮತ್ತೆ ಮುಂದೆ ಮಾಡಿದಳು.

"ಹುಡುಕೋದು ಬಿಡೋ ಹಾಗಿಲ್ಲ," ಎಂದಳು. "ನಾನು ಸುಮ್ಮನಿರ್ತೀನಿ ಅಂದ್ಕೋಬೇಡಿ. ನಾಳೆಯಿಂದ ನಾವಿಬ್ಬರೂ ಹುಡುಕ್ತೀವಿ. ಮೊದಲಿಂದ ಹೇಳಿ. ಇಪ್ಪತ್ತಾರು ವರ್ಷ ಬಾರದೇ ಇದ್ದೋಳು ಅವತ್ತು ಇದ್ದಕ್ಕಿದ್ದ ಹಾಗೆ ಯಾಕೆ ಹೊರಟಳು?"

"ಇದ್ದಕ್ಕಿದ್ದ ಹಾಗೆ ಅಲ್ಲ. ಪತ್ರ ಬರೆದಿದ್ದಳು. ಅಮ್ಮನ ಹೆಸರಿಗೆ. ನಾನೇ ಅಂಚೆಗೆ ಹಾಕಿದ್ದು."

"ಅಮ್ಮನಿಗೆ ಪತ್ರ ಬಂದಿತ್ತಂತಾ?"

"ಅಮ್ಮ ಒಂದು ಸಲವೂ ಪತ್ರದ ಸುದ್ದಿ ಎತ್ತಿಲ್ಲ. ನಾನು ಎತ್ತೋ ಹಾಗಿರಲಿಲ್ಲ. ಕೇಳಿದ್ರೆ ಸಿಕ್ಕಿಬೀಳ್ತೀನಿ ಅಂತ ಹೆದರಿಕೆ."

"ಪತ್ರಕ್ಕೆ ಉತ್ತರ?"

"ಬಂತಲ್ಲ! ಅದು ಬಂದಿದ್ದಕ್ಕೇ ಅವಳು ಹೊರಟಿದ್ದು. ದಿಂಬಿನ ಕೆಳಗಿಟ್ಕೊಂಡು ಮಲಗ್ತಿದ್ದಳು. ನನಗೂ ಓದಿಸಿದ್ದಳು. 'ಬಾ ಮಗಳೇ, ಹೊತ್ತು ಮಾಡಬೇಡ. ಬರೋ ದಿನ ಬರೆ. ಬಸ್‌ನಿಲ್ದಾಣಕ್ಕೆ ಗಾಡಿ ಕಳಿಸ್ತೀನಿ.' ಕೆಳಗೆ 'ನಿನ್ನ ಅಮ್ಮ' ಅಂತ ಸಹಿ."

"ಅಮ್ಮನ ಅಕ್ಷರವೇ?"

"ಅವಳಿಗೇನು ಗೊತ್ತು? ಅಮ್ಮನ ಅಕ್ಷರ ನೋಡಿ ಎಷ್ಟು ವರ್ಷ ಆಗಿತ್ತೋ. ದುಂಡಗೆ, ನೀಟಾಗಿ, ಗೆರೆ ಹೊಡೆದ ಹಾಗಿತ್ತು..."

ಬಂದವಳ ಮಾತು ಅಲ್ಲಿಗೇ ನಿಂತಿತು. ಪತ್ರ ಓದಿದಾಗ ಅವಳಿಗೆ ಸೊಲ್ಲಮ್ಮನ ಕಣ್ಣಿನ ಸುದ್ದಿ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವಳು ಪತ್ರವನ್ನು ನೆನೆಯಲು ಬಯಸಿರಲಿಲ್ಲ. ಎರಡೂ ಈಗ, ಈ ಕರ್ಪೂರದ ವಾಸನೆಯಲ್ಲಿ, ಒಂದರ ಪಕ್ಕ ಒಂದು ಬಂದು ಕೂತವು.

ಆರು ವರ್ಷಗಳಿಂದ ಸೊಲ್ಲಮ್ಮ ಒಂದು ಅಕ್ಷರ ಬರೆದಿರಲಿಲ್ಲ. ಬಂದ ಪತ್ರಗಳನ್ನು ಅವರಿಗೆ ಓದಿ ಹೇಳುತ್ತಿದ್ದವನು ಚಿಕ್ಕಪ್ಪನೊಬ್ಬನೇ.

ಅವನು ಓದದೇ ಇದ್ದರೆ ಪತ್ರ ಬರಲೇ ಇಲ್ಲ ಎಂದೇ ಲೆಕ್ಕ. ಅಮ್ಮನ ಹೆಸರಲ್ಲಿ ಉತ್ತರ ಬರೆಯಬಲ್ಲವನೂ ಅವನೊಬ್ಬನೇ.

"ಮೂರು ತಿಂಗಳಿಂದ ಅವನು ಒಂದೇ ಮಾತು ಹೇಳ್ತಿದ್ದ," ಎಂದಳು ಕಿವಿಯಮ್ಮ ನಿಧಾನಕ್ಕೆ. "ಇವಳು ಅವಳಲ್ಲ, ಅವಳಾಗೋಕೆ ಸಾಧ್ಯವೇ ಇಲ್ಲ ಅಂತ. ಅಷ್ಟು ಗಟ್ಟಿಯಾಗಿ ಅವನಿಗೆ ಹೇಗೆ ಗೊತ್ತಿತ್ತು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

ಫೋನ್ ಬಡಿದುಕೊಂಡಿತು. ಇನ್‌ಸ್ಪೆಕ್ಟರ್.

"ಮೇಡಂ, ನಿಮ್ಮ ಕಿವಿಗೆ ಚಿನ್ನದ ಓಲೆ ಮಾಡಿಸ್ಬೇಕು!" ಅವನ ದನಿಯಲ್ಲಿ ಖುಷಿ ತುಂಬಿ ತುಳುಕುತ್ತಿತ್ತು. "ನೀವು ಫೋನ್ ಇಡೋದಕ್ಕೂ ಆ ಡೋಲು ಚಿಕ್ಕಪ್ಪ ಒಳಗೆ ಬರೋದಕ್ಕೂ ಸರಿಹೋಯ್ತು. ದೂರು ವಾಪಸ್ ತಗೊಂಡ. ಕಣ್ಣಲ್ಲಿ ನೀರು ಹಾಕ್ಕೊಂಡು, 'ಕುಣಿತ ನೋಡಿದೆ ಸಾರ್, ನಮ್ಮಣ್ಣನ ಮಗಳೇ, ನನ್ನದೇ ತಪ್ಪು' ಅಂದ."

"ಕುಣಿತ ನೋಡಿದೆ ಅಂದನಾ?"

"ಹೌದು. ಬರೆದೂ ಕೊಟ್ಟ. ನಿಮ್ಮ ಮಾತು, ಅವನ ಮಾತು ಎರಡೂ ಒಂದೇ ಆಯ್ತು. ಆ ಇಪ್ಪತ್ತಾರು ವರ್ಷದ ಕಾಣೆಯಾದವರ ಫೈಲು ಧೂಳು ತಿಂತಿತ್ತಲ್ಲ, ಅದನ್ನೂ ಮುಚ್ಚಿಬಿಟ್ಟೆ. ಮಗಳು ಸಿಕ್ಕಿದ್ದಾಳೆ ಅಂದ್ಮೇಲೆ ಇನ್ನೇನು ಹುಡುಕೋದು?"

ಕಿವಿಯಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

ಈ ಮನೆಗಾಗಿ ಮೂರು ತಿಂಗಳು ಬಡಿದಾಡಿದವನು ಒಂದು ತಾಸಿನಲ್ಲಿ ಅದನ್ನು ಬಿಟ್ಟುಕೊಟ್ಟಿದ್ದ. ಆ ತಿರುಗುಮುರುಗು ಹೆಜ್ಜೆಯಲ್ಲಿ ಅವಳು ಏನು ಕಂಡಿದ್ದಳೋ ಅದನ್ನೇ ಅವನೂ ಕಂಡಿದ್ದ. ಇವಳಿಗೆ ಕಲಿಸಿದವಳು ಯಾರು, ಇವಳಿಗೆ ಏನೇನು ಗೊತ್ತಿರಬಹುದು, ಎಲ್ಲ. ಮನೆ ಹೋದರೆ ಹೋಗಲಿ, ಮಗಳು ಸಿಕ್ಕಿದಳು ಎಂದಾಗಿಬಿಟ್ಟರೆ ಸಿಗದೇ ಹೋದವಳನ್ನು ಕೇಳುವವರು ಲೋಕದಲ್ಲಿ ಒಬ್ಬರೂ ಇರುವುದಿಲ್ಲ. ಅವನಿಗೆ ಬೇಕಾಗಿದ್ದದ್ದು 'ಖಚಿತ' ಎಂಬ ಒಂದು ಮಾತು. ಆ ಮಾತು ಆಡಿದವಳು ತಾನು.

"ಫೈಲು ಮುಚ್ಚಬೇಡಿ," ಎಂದಳು.

"ಯಾಕೆ? ನೀವೇ ಹೇಳಿದ್ದು ಮೇಡಂ."

"ನಾನು ಹೇಳಿದ್ದು..."

"ಒಂದು ನಿಮಿಷ, ದೊಡ್ಡವರು ಕರೀತಿದ್ದಾರೆ. ಆಮೇಲೆ ಮಾಡ್ತೀನಿ. ಹಾಂ, ರಿಜಿಸ್ಟ್ರಾರ್ ಆಫೀಸಿಗೆ ಅತ್ತಿಗೇನೂ ಮಗಳನ್ನೂ ತಾನೇ ಕರ್ಕೊಂಡು ಹೋಗ್ತೀನಿ ಅಂತ ಆಗ್ಲೇ ಹೊರಟ. ಒಳ್ಳೇ ಮನುಷ್ಯ ಕಣ್ರೀ, ನಾವೇ ತಪ್ಪು ತಿಳ್ಕೊಂಡಿದ್ವಿ."

ಕರೆ ಕಡಿಯಿತು. ಅವಳು ಮತ್ತೆ ಒತ್ತಿದಳು. ಲೈನ್ ಬಿಡುವಿರಲಿಲ್ಲ. ಪಕ್ಕಕ್ಕೆ ನೋಡಿದರೆ ಬಂದವಳು ಅಲ್ಲಿರಲಿಲ್ಲ, ಅಮ್ಮನ ಬಳಿಗೆ ಹೋಗಿರಬೇಕು.

ಹೊರಗೆ ಕಾರಿನ ಹಾರನ್ ಮೃದುವಾಗಿ ಎರಡು ಸಲ ಕೇಳಿಸಿತು.

ಕಿವಿಯಮ್ಮ ಮರದ ನೆಲ ದಾಟಿ ಬೀದಿಗೆ ಓಡಿಬಂದಾಗ ಸೊಲ್ಲಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ಚಹಾ ಒಲೆಯ ಮೇಲೇ ಉಳಿದಿತ್ತು. ಚಿಕ್ಕಪ್ಪ ಹಿಂದಿನ ಬಾಗಿಲು ತೆರೆದು ಹಿಡಿದು ನಿಂತಿದ್ದ. ಮುಖ ತೊಳೆದುಕೊಂಡಿದ್ದ, ತಲೆ ಬಾಚಿಕೊಂಡಿದ್ದ. ಬಂದವಳು ಬಾಗಿಲಿಗೆ ಎರಡು ಹೆಜ್ಜೆ ದೂರದಲ್ಲಿ ಕಲ್ಲಾಗಿ ನಿಂತಿದ್ದಳು.

"ಹತ್ತು. ಅಮ್ಮ ಕಾಯ್ತಿದ್ದಾರೆ," ಎಂದ ಅವನು. ಮೂರು ತಿಂಗಳಲ್ಲಿ ಅವಳೊಡನೆ ಅವನು ನೇರವಾಗಿ ಆಡಿದ ಮೊದಲ ಮಾತು ಅದು.

"ಬಾರೇ, ಏನು ನಿಂತುಬಿಟ್ಟೆ?" ಸೊಲ್ಲಮ್ಮ ಒಳಗಿನಿಂದ ಕೈ ಚಾಚಿದರು. ಆ ಕೈ ಗಾಳಿಯಲ್ಲಿ ಅವಳಿಗಾಗಿ ತಡಕಾಡಿತು.

ಬಂದವಳು ತಿರುಗಿ ಕಿವಿಯಮ್ಮನನ್ನು ನೋಡಿದಳು. ಆಮೇಲೆ ಆ ಕೈ ನೋಡಿದಳು. ಕೈಯನ್ನು ಹಾಗೇ ಗಾಳಿಯಲ್ಲಿ ಬಿಡಲು ಅವಳಿಂದ ಆಗಲಿಲ್ಲ. ಹತ್ತಿ ಕೂತಳು.

"ನಾನೂ ಬರ್ತೀನಿ," ಎಂದು ಕಿವಿಯಮ್ಮ ಮುಂದಿನ ಬಾಗಿಲಿಗೆ ಕೈ ಹಾಕಿದಳು.

ಚಿಕ್ಕಪ್ಪ ಅವಳ ಕೈಯನ್ನು ಬಾಗಿಲ ಹಿಡಿಯಿಂದ ಮೆಲ್ಲಗೆ, ಮಗುವಿನ ಕೈಯಿಂದ ಚಾಕು ಬಿಡಿಸಿದ ಹಾಗೆ ಬಿಡಿಸಿದ.

"ನಿಮ್ಮ ಕೆಲಸ ಮುಗೀತಲ್ಲ ಮೇಡಂ," ಎಂದ. "ಗಾಡೀಲಿ ಜಾಗ ಇಲ್ಲ."

ಮುಂದಿನ ಸೀಟು ಖಾಲಿಯಿತ್ತು. ಅವನು ಒಳಗೆ ಕೂತು ಬಾಗಿಲು ಎಳೆದುಕೊಂಡ. ನಾಲ್ಕು ಬಾಗಿಲುಗಳ ಗುಂಡಿಗಳೂ ಒಮ್ಮೆಗೇ ಟಕ್ಕೆಂದು ಕೆಳಗಿಳಿದವು.